ಸೀಸನ್‌ಗೆ ಮುಂಚಿನ ಮೈ ತಯಾರಿ: ವಾಲಿಬಾಲ್ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಂದೆ ಸರಿಯುವ ಹೊತ್ತಿಗೆ ಈ ಪ್ರಶ್ನೆಗಳು ಬರತೊಡಗುತ್ತವೆ. ಕೇಳುವವರಲ್ಲಿ ಊರಿನ ಯುವಕ ಮಂಡಲದ ಹುಡುಗರಿದ್ದಾರೆ, ಕಾಲೇಜು ತಂಡದ ಹುಡುಗಿಯರಿದ್ದಾರೆ, ಪಿ.ಇ. ಮೇಷ್ಟ್ರುಗಳಿದ್ದಾರೆ, ಮಕ್ಕಳ ಮಂಡಿನೋವಿನ ಚಿಂತೆ ಹಚ್ಚಿಕೊಂಡ ಅಪ್ಪ ಅಮ್ಮಂದಿರೂ ಇದ್ದಾರೆ. ನಮ್ಮ ಕಡೆ ಮಣ್ಣಿನ ಅಂಗಳ ಒಣಗಿ, ಸುಣ್ಣದ ಗೆರೆ ಬಿದ್ದು, ಹೊನಲು ಬೆಳಕಿನ ಪಂದ್ಯಾವಳಿಗಳ ಬ್ಯಾನರ್ ಏಳುವುದು ದೀಪಾವಳಿಯ ಆಸುಪಾಸಿನಲ್ಲಿ. ಉತ್ತರಗಳು ಆ ಲೆಕ್ಕದಲ್ಲಿವೆ. ದಸರಾ ಕ್ರೀಡಾಕೂಟಕ್ಕೋ ಅಂತರ ಕಾಲೇಜು ಪಂದ್ಯಕ್ಕೋ ಸಿದ್ಧವಾಗುವವರು ತಮ್ಮ ಮೊದಲ ಪಂದ್ಯದ ದಿನದಿಂದ ಹಿಂದಕ್ಕೆ ವಾರ ಎಣಿಸಿಕೊಂಡರಾಯಿತು.

## ಶುರು ಮಾಡುವವರಿಗೆ

ದಿನಾ ಸಂಜೆ ಆಡ್ತೀವಲ್ಲ ಸರ್, ಅದೇ ಕಸರತ್ತಲ್ವಾ? ಬೇರೆ ಯಾಕೆ?

ಆಟ ಆಡುವುದರಿಂದ ಆಟ ಸುಧಾರಿಸುತ್ತದೆ, ನಿಜ. ಆದರೆ ಆಟ ಮೈಯಿಂದ ತೆಗೆದುಕೊಳ್ಳುವುದೇ ಹೆಚ್ಚು. ಒಂದು ಸ್ಮ್ಯಾಷ್ ಹೊಡೆದು ಕೆಳಗಿಳಿಯುವಾಗ ಕಾಲಿನ ಮೇಲೆ ಬೀಳುವ ಹೊರೆ ನಿಮ್ಮ ತೂಕದ ಹಲವು ಪಟ್ಟು ಇರುತ್ತದೆ. ಅದೂ ಎಷ್ಟೋ ಸಲ ಒಂದೇ ಕಾಲಿನ ಮೇಲೆ. ಸಂಜೆಯ ಆಟದಲ್ಲಿ ನೀವು ಆ ಹೊರೆಯನ್ನು ನೂರಾರು ಸಲ ಹೊರುತ್ತೀರಿ. ಹೊರುವ ಶಕ್ತಿಯನ್ನು ಬೆಳೆಸುವ ಕೆಲಸ ಮಾತ್ರ ಆಟದಲ್ಲಿ ಸರಿಯಾಗಿ ಆಗುವುದಿಲ್ಲ.

ಇನ್ನೊಂದು ತೊಂದರೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಕೆಸರಾಗಿರುತ್ತದೆ, ಆಟ ನಿಂತಿರುತ್ತದೆ. ಅಕ್ಟೋಬರ್‌ನಲ್ಲಿ ನೆಟ್ ಕಟ್ಟಿದ ದಿನವೇ ಎಲ್ಲರೂ ಹಿಂದಿನ ಮೇ ತಿಂಗಳಲ್ಲಿ ಹಾರಿದಷ್ಟೇ ಹಾರಲು ನೋಡುತ್ತಾರೆ. ಮೊದಲ ಮೂರು ವಾರದಲ್ಲೇ ಮಂಡಿ ಹಿಡಿದುಕೊಂಡು ಕೂರುವವರು ಹೆಚ್ಚಾಗಿ ಇವರೇ.

ಎಷ್ಟು ವಾರ ಮುಂಚೆ ಶುರು ಮಾಡ್ಬೇಕು?

ಎಂಟು ವಾರ ಸಿಕ್ಕರೆ ಒಳ್ಳೆಯದು, ಆರಕ್ಕಿಂತ ಕಡಿಮೆ ಬೇಡ. ದಮ್ಮು ಎರಡು ಮೂರು ವಾರದಲ್ಲಿ ಮರಳುತ್ತದೆ. ಸ್ನಾಯು ಬಲಗೊಂಡಿದ್ದು ನಾಲ್ಕೈದು ವಾರದಲ್ಲಿ ಗೊತ್ತಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಮಾತ್ರ ತೀರಾ ನಿಧಾನಿ, ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ದಮ್ಮು ಬಂತು, ಕಾಲು ಹಗುರಾಯಿತು ಎಂದು ಮೂರನೇ ವಾರಕ್ಕೇ ಜಿಗಿತ ದುಪ್ಪಟ್ಟು ಮಾಡಿದರೆ ಏಟು ಬೀಳುವುದು ಈ ರಜ್ಜುವಿಗೆ.

ಮೊದಲ ಮೂರು ವಾರ ಬಲದ ಕಸರತ್ತು ಮತ್ತು ನೆಲಕ್ಕಿಳಿಯುವ ಅಭ್ಯಾಸ. ನಾಲ್ಕರಿಂದ ಆರನೇ ವಾರದವರೆಗೆ ಭಾರ ಏರಿಸಿ, ಜಿಗಿತದ ಕಸರತ್ತೂ ಸೇರಿಸಿ. ಕೊನೆಯ ಎರಡು ವಾರ ಪೂರ್ತಿ ವೇಗದ ಆಟ, ಕಸರತ್ತು ಅರ್ಧಕ್ಕಿಳಿಯಲಿ. ಮೂರೇ ವಾರ ಉಳಿದಿದ್ದರೆ ಪವಾಡಕ್ಕೆ ಕಾಯಬೇಡಿ. ಬಲದ ಕಸರತ್ತು ಶುರು ಮಾಡಿ, ಜಿಗಿತ ಮಿತಿಯಲ್ಲಿಡಿ, ಮೊದಲ ಪಂದ್ಯಾವಳಿಯನ್ನೂ ತಯಾರಿಯ ಭಾಗವೆಂದೇ ಆಡಿ.

ಬೆಳಿಗ್ಗೆ ಐದು ಕಿಲೋಮೀಟರ್ ಓಡ್ತೀವಿ, ಸಾಲದಾ?

ಓಟ ಕೆಟ್ಟದ್ದಲ್ಲ, ಆದರೆ ಇದು ಬೇರೆ ಆಟದ ತಯಾರಿ. ವಾಲಿಬಾಲ್‌ನಲ್ಲಿ ಹೆಚ್ಚಿನ ರ‍್ಯಾಲಿಗಳು (ಒಂದು ಸರ್ವ್‌ನಿಂದ ಪಾಯಿಂಟ್ ಬೀಳುವವರೆಗಿನ ಆಟ) ಹತ್ತು ಸೆಕೆಂಡಿನೊಳಗೆ ಮುಗಿಯುತ್ತವೆ. ಆಮೇಲೆ ಚೆಂಡು ತಂದು ಸರ್ವ್ ಮಾಡುವಷ್ಟು ಹೊತ್ತು ಬಿಡುವು. ಅಂಗಳದ ನಿಮ್ಮ ಪಾಲು 9 ಮೀಟರ್ ಉದ್ದ, 9 ಮೀಟರ್ ಅಗಲ. ಅದರೊಳಗೆ ಎರಡು ಮೂರು ಹೆಜ್ಜೆ ಸರಿಯುವುದು, ನಿಲ್ಲುವುದು, ಹಾರುವುದು, ಬಿದ್ದು ಏಳುವುದು. ಅರ್ಧ ಗಂಟೆ ಒಂದೇ ಲಯದ ಓಟ ಇದಾವುದನ್ನೂ ಕಲಿಸುವುದಿಲ್ಲ.

ಮೊದಲ ಎರಡು ವಾರ, ವಾರಕ್ಕೆರಡು ದಿನ 20 ನಿಮಿಷದ ನಿಧಾನ ಓಟ ಇರಲಿ. ಆಮೇಲೆ ಅಂಗಳದ ಗೆರೆಗಳನ್ನೇ ಬಳಸಿ: ಹಿಂದಿನ ಗೆರೆಯಿಂದ 3 ಮೀಟರ್ ಗೆರೆಗೆ ಓಡಿ ಮುಟ್ಟಿ ಹಿಂದಕ್ಕೆ, ಅಲ್ಲಿಂದ ನಡುಗೆರೆಗೆ ಓಡಿ ಮುಟ್ಟಿ ಹಿಂದಕ್ಕೆ. ಇದಕ್ಕೆ ಎಂಟು ಹತ್ತು ಸೆಕೆಂಡು ಬೇಕು. 20 ರಿಂದ 25 ಸೆಕೆಂಡು ನಿಂತು ಮತ್ತೆ ಓಡಿ. ಹತ್ತು ಓಟಕ್ಕೆ ಒಂದು ಸುತ್ತು, ನಡುವೆ ಮೂರು ನಿಮಿಷ ವಿಶ್ರಾಂತಿ, ಒಟ್ಟು ಎರಡು ಅಥವಾ ಮೂರು ಸುತ್ತು.

ತಡವಾಗಿ ಬಂದವನಿಗೆ ‘ಹತ್ತು ರೌಂಡ್ ಓಡು’ ಎನ್ನುವುದನ್ನು ಮೇಷ್ಟ್ರುಗಳು ಬಿಟ್ಟರೆ ಒಳ್ಳೆಯದು. ಕಸರತ್ತನ್ನು ಶಿಕ್ಷೆಯಾಗಿ ಕಂಡ ಹುಡುಗ ಸ್ವಂತವಾಗಿ ಕಸರತ್ತು ಮಾಡುವುದಿಲ್ಲ.

ನಮ್ಮೂರಲ್ಲಿ ಜಿಮ್ ಇಲ್ಲ. ಏನ್ ಮಾಡೋದು?

ಆರಂಭಕ್ಕೆ ಜಿಮ್ ಬೇಕಿಲ್ಲ. ಬಸ್ಕಿ, ದಂಡ ನಮ್ಮ ಗರಡಿ ಮನೆಗಳ ಹಳೆಯ ಸಾಧನೆಗಳೇ. ನೂರಿನ್ನೂರು ಬಸ್ಕಿ ಹೊಡೆಯುವ ಹಳೆಯ ಪದ್ಧತಿ ದಮ್ಮು ಬೆಳೆಸುತ್ತದೆ. ಜಿಗಿತಕ್ಕೆ ಬೇಕಾದ ಬಲ ಬರಬೇಕಾದರೆ ಭಾರ ಹೆಚ್ಚಿರಬೇಕು, ಎಣಿಕೆ ಕಡಿಮೆಯಿರಬೇಕು. ಗೋಣಿಚೀಲಕ್ಕೆ 15 ಕೆ.ಜಿ. ಮರಳು ತುಂಬಿ ಬಾಯಿ ಹೊಲಿದು ಎದೆಗೊತ್ತಿ ಹಿಡಿದುಕೊಳ್ಳಿ, ನಿಧಾನವಾಗಿ ಮೂರು ಎಣಿಸುತ್ತ ಕೂತು, ಎದ್ದು, ಹತ್ತು ಬಸ್ಕಿ. ಹೀಗೆ ಮೂರು ಸಲ. ಸುಲಭವೆನಿಸಿದ ವಾರ ಇನ್ನೈದು ಕೆ.ಜಿ. ಸೇರಿಸಿ.

ಮನೆಯ ಜಗಲಿ ಮಂಡಿಯ ಮಟ್ಟಕ್ಕಿದ್ದರೆ ಅದೇ ಚೀಲ ಹಿಡಿದು ಒಂದೊಂದೇ ಕಾಲಲ್ಲಿ ಹತ್ತಿ ಇಳಿಯಿರಿ. ತೊಡೆಯ ಹಿಂಭಾಗಕ್ಕೆ ಜತೆಗಾರ ಬೇಕು: ಮಂಡಿಯೂರಿ ನಿಂತು, ಹಿಂದಿನಿಂದ ಅವನು ಹಿಮ್ಮಡಿ ಒತ್ತಿ ಹಿಡಿದಿರಲಿ, ನೀವು ಬೆನ್ನು ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ ಕೈಯೂರಿ. ಮೊದಲ ದಿನ ಐದಕ್ಕಿಂತ ಹೆಚ್ಚು ಬೇಡ, ಎರಡು ದಿನ ನಡೆಯುವುದೇ ಕಷ್ಟವಾಗುತ್ತದೆ. ಮೀನಖಂಡಕ್ಕೆ ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು. ಭುಜಕ್ಕೆ ಸೈಕಲ್ಲಿನ ಹಳೆಯ ಟ್ಯೂಬು, ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ.

ಒಂದೆರಡು ಸೀಸನ್ ಇದರಲ್ಲೇ ಸಾಗುತ್ತದೆ. ಆಮೇಲೆ ಮಾತ್ರ ಕಬ್ಬಿಣದ ಭಾರ ಬೇಕು. ತಾಲೂಕು ಕೇಂದ್ರದ ಜಿಮ್ಮಿಗೆ ವಾರಕ್ಕೆರಡು ಸಲ ಹೋಗುವ ಖರ್ಚು ದಂಡವಲ್ಲ.

ಪೂರ್ತಿ ಕೂತು ಬಸ್ಕಿ ಹೊಡೆದ್ರೆ ಮಂಡಿ ಸವೆಯುತ್ತಂತೆ, ನಿಜವಾ?

ಇಲ್ಲ. ನೋವಿಲ್ಲದ ಮಂಡಿಗೆ ಪೂರ್ತಿ ಬಸ್ಕಿ ಒಳ್ಳೆಯದೇ. ಭಾರ ಒಮ್ಮೆಲೇ ಏರಿಸಬೇಡಿ, ಹಿಮ್ಮಡಿ ನೆಲ ಬಿಡದಿರಲಿ, ಮಂಡಿಗಳು ಒಳಕ್ಕೆ ವಾಲದಿರಲಿ.

## ಹಾರುವುದು, ಇಳಿಯುವುದು

ನಾನು 5 ಅಡಿ 7 ಇಂಚು ಇದ್ದೀನಿ. ಸ್ಮ್ಯಾಷರ್ ಆಗೋಕಾಗುತ್ತಾ? ಜಂಪ್ ಹೆಚ್ಚಿಸೋಕೆ ಏನ್ ಮಾಡ್ಬೇಕು?

ಲೆಕ್ಕ ಹಾಕೋಣ. ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24. ನಿಮ್ಮ ಎತ್ತರದವರು ನಿಂತಲ್ಲೇ ಕೈ ಚಾಚಿದರೆ ಸುಮಾರು 2.20 ಮೀಟರ್ ಮುಟ್ಟುತ್ತಾರೆ. ಬ್ಲಾಕ್ (ತಡೆಯಲು ನೆಟ್ಟಿನ ಮೇಲೆ ಹಾರಿದ ಎದುರಾಳಿಯ ಕೈಗಳು) ಎದುರಿಗಿದ್ದಾಗ ಚೆಂಡನ್ನು ಕೆಳಮುಖವಾಗಿ ಹೊಡೆಯಲು ಕೈ 2.85ರ ಹತ್ತಿರ ಚೆಂಡಿಗೆ ಸಿಗಬೇಕು. ಅಂದರೆ ಓಡಿ ಬಂದು ಹಾರಿದಾಗ 65 ಸೆಂಟಿಮೀಟರ್ ಏರಬೇಕು. ಊರಿನ ಅಂಗಳಗಳಲ್ಲಿ ಅಷ್ಟು ಹಾರುವವರು ಇದ್ದಾರೆ, ಹುಟ್ಟಿನಿಂದಲೇ ಹಾಗಿದ್ದವರು ಕಡಿಮೆ.

ಮೊದಲು ಈಗ ಎಷ್ಟು ಹಾರುತ್ತೀರಿ ಎಂದು ಅಳೆಯಿರಿ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆ ಪಕ್ಕ ನಿಂತು ಒಂದು ಗುರುತು, ನಿಂತಲ್ಲಿಂದಲೇ ಹಾರಿ ಇನ್ನೊಂದು ಗುರುತು. ಮೂರು ಸಲ ಹಾರಿ, ಹೆಚ್ಚಿನದನ್ನು ಬರೆದಿಡಿ. ಬಳಿಕ ನೆಟ್ ಕಂಬದ ಬಳಿ ಓಡಿ ಬಂದು ಹಾರಿದಾಗ ಎಷ್ಟು ಮುಟ್ಟುತ್ತೀರಿ ನೋಡಿ. ಎರಡಕ್ಕೂ ಹೆಚ್ಚು ಅಂತರವಿಲ್ಲದಿದ್ದರೆ ನಿಮಗೆ ಬೇಕಿರುವುದು ಬಲಕ್ಕಿಂತ ಓಟದ ತಿದ್ದುಪಡಿ. ಬಲಗೈ ಹೊಡೆತದವರಿಗೆ ಎಡ, ಬಲ, ಎಡ. ಮೊದಲ ಹೆಜ್ಜೆ ನಿಧಾನ, ಕೊನೆಯ ಎರಡು ಚುರುಕು, ಕೈಗಳೆರಡೂ ಹಿಂದಕ್ಕೆ ಹೋಗಿ ಜೋರಾಗಿ ಮೇಲಕ್ಕೆ. ಕೈ ಬೀಸುವುದನ್ನು ಸರಿಪಡಿಸಿದರೇ ಹಲವರಿಗೆ ನಾಲ್ಕೈದು ಸೆಂಟಿಮೀಟರ್ ಸಿಗುತ್ತದೆ.

ಅಂತರ ಚೆನ್ನಾಗಿದ್ದೂ ಎತ್ತರ ಸಾಲದಿದ್ದರೆ ಬಲ ಬೇಕು. ನಿಮ್ಮ ತೂಕಕ್ಕೆ ಸಮನಾದ ಭಾರ ಹೊತ್ತು ಐದು ಬಸ್ಕಿ ಹೊಡೆಯಲಾಗದವರು ಬೇರೆ ಗುಟ್ಟು ಹುಡುಕುವ ಮುಂಚೆ ಅದನ್ನು ಸಾಧಿಸಲಿ. ಅದರ ಮೇಲೆ ಜಿಗಿತದ ಅಭ್ಯಾಸ: ಪೂರ್ತಿ ಬಲ ಹಾಕಿ ಐದು ಜಿಗಿತ, ಎರಡು ಮೂರು ನಿಮಿಷ ವಿಶ್ರಾಂತಿ, ಹೀಗೆ ನಾಲ್ಕೈದು ಸಲ. ಏದುಸಿರು ಬಿಡುತ್ತ ಐವತ್ತು ಸಲ ಹಾರುವುದರಿಂದ ಸಿಗುವುದು ಸುಸ್ತು ಮಾತ್ರ.

ಮೊಬೈಲ್‌ನಲ್ಲಿ ನೋಡಿ ಎತ್ತರದಿಂದ ಧುಮುಕಿ ತಕ್ಷಣ ಹಾರೋದನ್ನ ಶುರು ಮಾಡಿದ್ದೀವಿ. ಸರಿನಾ?

ಅದು ಸೋವಿಯತ್ ರಷ್ಯಾದ ತರಬೇತಿ ತಜ್ಞ ಯೂರಿ ವೆರ್ಖೊಶಾನ್‌ಸ್ಕಿ ಜಿಗಿತದ ಅಥ್ಲೀಟ್‌ಗಳಿಗೆಂದು ರೂಪಿಸಿದ ವಿಧಾನ. ವರ್ಷಗಟ್ಟಲೆ ಭಾರ ಎತ್ತಿ ಕಾಲು ಗಟ್ಟಿ ಮಾಡಿಕೊಂಡವರಿಗೆ, ಅದೂ ವರ್ಷದ ಕೆಲವೇ ವಾರಗಳಲ್ಲಿ, ಅದನ್ನು ಕೊಡುತ್ತಿದ್ದರು. ಮೊಬೈಲ್ ವಿಡಿಯೊ ಈ ಭಾಗವನ್ನು ಹೇಳುವುದಿಲ್ಲ.

ನೀವು ಮೊಣಕಾಲುದ್ದದ ಮೆಟ್ಟಿಲಿನಿಂದ ಇಳಿದು, ಸದ್ದಾಗದಂತೆ ನಿಂತು, ಮೂರು ಎಣಿಸುವುದರಿಂದ ಶುರು ಮಾಡಿ. ಎರಡು ವಾರದ ನಂತರ ಹಗ್ಗದಾಟ (ಸ್ಕಿಪ್ಪಿಂಗ್) ಮತ್ತು ಎರಡೂ ಕಾಲಲ್ಲಿ ಪುಟಿಯುವುದು, ಆಮೇಲೆ ಬೆಂಚಿನ ಮೇಲಕ್ಕೆ ಹಾರಿ ಮೆಲ್ಲಗೆ ಇಳಿಯುವುದು. ಧುಮುಕಿ ಹಾರುವುದು ಕೊನೆಗೆ, 30 ಸೆಂಟಿಮೀಟರ್‌ನಿಂದ, ಒಮ್ಮೆಗೆ ಇಪ್ಪತ್ತಕ್ಕೆ ಮೀರದಂತೆ. ಹದಿನಾರರೊಳಗಿನವರಿಗೆ ಇದು ಬೇಡವೇ ಬೇಡ.

ಒಂದು ದಿನಕ್ಕೆ ಎಷ್ಟು ಸಲ ಹಾರಬಹುದು?

ಕ್ರಿಕೆಟ್‌ನಲ್ಲಿ ಬೌಲರ್ ಎಷ್ಟು ಓವರ್ ಹಾಕಿದ ಎಂದು ಎಲ್ಲರೂ ಎಣಿಸುತ್ತಾರೆ. ವಾಲಿಬಾಲ್‌ನಲ್ಲಿ ಜಿಗಿತ ಎಣಿಸುವವರನ್ನು ಹುಡುಕಬೇಕು. ಈ ಪುಟದಿಂದ ಒಂದೇ ಒಂದು ಅಭ್ಯಾಸ ಎತ್ತಿಕೊಳ್ಳುವುದಾದರೆ ಇದನ್ನೇ ಎತ್ತಿಕೊಳ್ಳಿ.

ಹೊರಗೆ ಕೂತ ಹುಡುಗನ ಕೈಗೆ ಪುಸ್ತಕ ಕೊಡಿ. ಸ್ಮ್ಯಾಷ್, ಬ್ಲಾಕ್, ಜಂಪ್ ಸರ್ವ್, ಜಂಪ್ ಸೆಟ್ (ಹಾರಿ, ಹೊಡೆಯುವವನಿಗೆ ಚೆಂಡು ಎತ್ತಿ ಕೊಡುವುದು), ಕಸರತ್ತಿನ ಜಿಗಿತ, ಎಲ್ಲಕ್ಕೂ ಒಂದೊಂದು ಗೆರೆ. ಮೊದಲ ವಾರ ಒಂದು ದಿನದ ಅಭ್ಯಾಸಕ್ಕೆ ಎಲ್ಲ ಸೇರಿ 40 ರಿಂದ 50, ವಾರಕ್ಕೆ ಮೂರು ದಿನ. ಪ್ರತಿ ವಾರ ಹತ್ತು ಹದಿನೈದು ಏರಿಸುತ್ತ, ಸೀಸನ್ ಹೊಸ್ತಿಲಲ್ಲಿ ನಿಜವಾದ ಪಂದ್ಯದಷ್ಟಕ್ಕೆ ತನ್ನಿ. ನಾಲ್ಕನೇ ವಾರ ಏರಿಸದೆ ಸ್ವಲ್ಪ ಇಳಿಸಿ. ಈ ಅಂಕಿಗಳು ಶಾಸ್ತ್ರವಲ್ಲ, ಅಭ್ಯಾಸದಿಂದ ಕಂಡುಕೊಂಡ ಅಂದಾಜು. ಬೆಳಿಗ್ಗೆ ಎದ್ದು ಮೆಟ್ಟಿಲಿಳಿಯುವಾಗ ಮಂಡಿ ಏನು ಹೇಳುತ್ತದೆ ಎನ್ನುವುದು ಇದಕ್ಕಿಂತ ದೊಡ್ಡ ಅಳತೆ.

ಇನ್ನೊಂದು ಮಾತು. ವಾರ್ಮಪ್ ಹೆಸರಿನಲ್ಲಿ ಸಾಲಾಗಿ ನಿಂತು ಅರ್ಧ ಗಂಟೆ ಸ್ಮ್ಯಾಷ್ ಹೊಡೆಯುವ ಪದ್ಧತಿ ಎಲ್ಲ ಅಂಗಳದಲ್ಲೂ ಇದೆ. ನೋಡಲು ಚೆಂದ, ಹುಡುಗಿಯರು ನೋಡುತ್ತಿದ್ದರೆ ಇನ್ನೂ ಚೆಂದ. ದಿನದ ಅರ್ಧ ಜಿಗಿತ ಅಲ್ಲೇ ಖರ್ಚು.

ಇಳಿಯೋದನ್ನೂ ಕಲಿಸಬೇಕಾ?

ಹೌದು, ಹಾರುವುದಕ್ಕಿಂತ ಮುಂಚೆ. ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಬೇಕು, ಮುಂಗಾಲು ಮೊದಲು, ಮಂಡಿ ಮತ್ತು ಸೊಂಟ ಬಗ್ಗಬೇಕು, ಮಂಡಿ ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಕಲಿಸುವವರಿಗೆ ಒಂದು ಸುಲಭ ಉಪಾಯ: ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ‘ಧಡ್’ ಎಂದು ಸದ್ದಾದರೆ ತಪ್ಪು.

ಬಲಗೈ ಸ್ಮ್ಯಾಷರ್‌ಗಳಲ್ಲಿ ಬಹಳ ಮಂದಿ ಎಡಗಾಲಿನ ಮೇಲೇ ಇಳಿಯುತ್ತಾರೆ, ಎತ್ತಿ ಕೊಟ್ಟ ಚೆಂಡು ತಲೆಯ ಹಿಂದೆ ಹೋದಾಗಲಂತೂ ಖಂಡಿತ. ಚೆಂಡಿಗೆ ತಡವಾಗಿ ಹೋಗುವುದನ್ನು ತಿದ್ದಿದರೆ ಇದು ಅರ್ಧ ಸರಿಹೋಗುತ್ತದೆ. ಪೂರ್ತಿ ಸರಿಹೋಗುವುದಿಲ್ಲವಾದ್ದರಿಂದ ಒಂಟಿಕಾಲಲ್ಲಿ ಇಳಿದು ನಿಲ್ಲುವ ಅಭ್ಯಾಸವನ್ನೂ ಮಾಡಿಸಿ.

ಮಳೆಗಾಲದಲ್ಲಿ ಶಾಲೆಯ ಸಿಮೆಂಟ್ ನೆಲದ ಮೇಲೆ ಪ್ರಾಕ್ಟೀಸ್ ಮಾಡ್ಬಹುದಾ?

ಪಾಸ್, ಸೆಟ್, ನಿಂತು ಸರ್ವ್ ಮಾಡುವುದು, ಬಲದ ಕಸರತ್ತು, ಎಲ್ಲ ಸರಿ. ಜಿಗಿತ ಮಾತ್ರ ಎಣಿಸಿ, ಮಣ್ಣಿನ ಅಂಗಳದ ಅರ್ಧ ಸಾಕು. ಬರಿಗಾಲಲ್ಲಿ ಬೇಡ, ಅಟ್ಟೆ ಸವೆದ ಶೂ ಅಂತೂ ಬೇಡ.

## ನೋವು ಮತ್ತು ಗಾಯ

ಮಂಡಿಚಿಪ್ಪಿನ ಕೆಳಗೆ ಒಂದೇ ಜಾಗದಲ್ಲಿ ನೋವು. ಆಡ್ತಾ ಆಡ್ತಾ ಹೋಗುತ್ತೆ, ಮಾರನೇ ದಿನ ಮತ್ತೆ ಬರುತ್ತೆ. ರೆಸ್ಟ್ ಮಾಡ್ಲಾ?

ನೀವು ಹೇಳಿದ ಲಕ್ಷಣ ‘ಜಂಪರ್ಸ್ ನೀ’ಯದ್ದು. ಮಂಡಿಚಿಪ್ಪನ್ನು ಕೆಳಗಿನ ಮೂಳೆಗೆ ಕಟ್ಟಿರುವ ರಜ್ಜು ತಾಳಿಕೊಳ್ಳುವುದಕ್ಕಿಂತ ಹೆಚ್ಚು ಹೊರೆ ಹೊತ್ತಾಗ ಬರುವ ತೊಂದರೆ. ನಾರ್ವೆಯಲ್ಲಿ ಒಂಬತ್ತು ಕ್ರೀಡೆಗಳ ಉನ್ನತ ಮಟ್ಟದ ಆಟಗಾರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾಲಿಬಾಲ್‌ನವರೇ ಮೊದಲ ಸ್ಥಾನದಲ್ಲಿದ್ದರು: ನೂರಕ್ಕೆ ಸುಮಾರು 45 ಮಂದಿಗೆ ಈ ನೋವಿತ್ತು.

ಪೂರ್ತಿ ವಿಶ್ರಾಂತಿ ಮಾಡಿದರೆ ನೋವು ಹೋಗುತ್ತದೆ, ರಜ್ಜು ಇನ್ನಷ್ಟು ಸಡಿಲಾಗುತ್ತದೆ, ಅಂಗಳಕ್ಕಿಳಿದ ವಾರವೇ ನೋವು ವಾಪಸು. ಆದ್ದರಿಂದ ಜಿಗಿತ ಕಡಿಮೆ ಮಾಡಿ, ಭಾರದ ಕಸರತ್ತು ಬಿಡಬೇಡಿ. ಮೊದಲು ಗೋಡೆಗೆ ಬೆನ್ನೊತ್ತಿ, ಕುರ್ಚಿಯಲ್ಲಿ ಕೂತಂತೆ 45 ಸೆಕೆಂಡು ನಿಲ್ಲಿ. ಒಂದೆರಡು ನಿಮಿಷ ಬಿಟ್ಟು ಮತ್ತೆ, ಒಟ್ಟು ಐದು ಸಲ. ಇದರಿಂದ ಹಲವರಿಗೆ ನೋವು ತಗ್ಗುತ್ತದೆ. ಮುಂದಿನ ಹಂತ ತುಂಬಾ ನಿಧಾನದ, ಭಾರದ ಬಸ್ಕಿ: ಇಳಿಯಲು ಮೂರು ಸೆಕೆಂಡು, ಏಳಲು ಮೂರು ಸೆಕೆಂಡು, ದಿನ ಬಿಟ್ಟು ದಿನ. ಹತ್ತರಲ್ಲಿ ಮೂರರಷ್ಟು ನೋವು ಇದ್ದರೂ ಮಾಡಬಹುದು, ಮಾರನೇ ಬೆಳಿಗ್ಗೆ ಅದು ಹೆಚ್ಚಿರಬಾರದು ಅಷ್ಟೆ. ಗುಣವಾಗಲು ಮೂರು ತಿಂಗಳಾದರೂ ಬೇಕು. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕುಸಿದರೆ ಇದು ಬೇರೆ ತೊಂದರೆ; ಮೂಳೆ ವೈದ್ಯರಿಗೆ ತೋರಿಸಿ.

ನೋವಿನ ಮಾತ್ರೆ ನುಂಗಿ ಆಡುವ ಅಭ್ಯಾಸ ಪಂದ್ಯಾವಳಿಗಳಲ್ಲಿ ಚಾಕೊಲೇಟಿನಷ್ಟು ಸಲೀಸಾಗಿದೆ. ಅದನ್ನು ಕೈಬಿಡಬೇಕು.

ಪಾದ ಒಂದು ಸಲ ಉಳುಕಿತ್ತು, ಈಗ ಅದೇ ಜಾಗ ಮತ್ತೆ ಮತ್ತೆ ಉಳುಕುತ್ತೆ.

ವಾಲಿಬಾಲ್‌ನಲ್ಲಿ ಪಾದ ಉಳುಕುವುದು ಹೆಚ್ಚಾಗಿ ನೆಟ್ಟಿನ ಕೆಳಗೇ. ಎದುರಾಳಿ ಸ್ಮ್ಯಾಷರ್‌ನ ಕಾಲು ನಡುಗೆರೆಯ ಮೇಲೆ ಬಂದಿರುತ್ತದೆ, ಬ್ಲಾಕರ್ ಅದರ ಮೇಲೆ ಇಳಿಯುತ್ತಾನೆ. ಪಾದ ಪೂರ್ತಿ ಗೆರೆ ದಾಟುವವರೆಗೆ ನಿಯಮದ ಪ್ರಕಾರ ಫೌಲ್ ಆಗುವುದಿಲ್ಲ. ಆದರೆ ಅಭ್ಯಾಸದ ಆಟದಲ್ಲಿ ಗೆರೆ ತುಳಿದರೂ ಪಾಯಿಂಟ್ ಹೋಯಿತು ಎಂದು ನಿಮ್ಮದೇ ನಿಯಮ ಮಾಡಿಕೊಳ್ಳಿ. ನೆಟ್ಟಿನಿಂದ ದೂರ ಹಾರುವ ಅಭ್ಯಾಸ ತಾನಾಗಿ ಬರುತ್ತದೆ.

ಒಮ್ಮೆ ಉಳುಕಿದ ಪಾದಕ್ಕೆ ತಾನು ಹೇಗೆ ನಿಂತಿದ್ದೇನೆ ಎಂಬ ಅರಿವು ಮಂಕಾಗಿರುತ್ತದೆ. ಅದನ್ನು ಮರಳಿ ಕಲಿಸಬೇಕು: ಒಂಟಿಕಾಲಲ್ಲಿ ನಿಂತು ಹಲ್ಲುಜ್ಜುವುದು, ಆಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಆಮೇಲೆ ಮಡಿಸಿದ ಕಂಬಳಿಯ ಮೇಲೆ ಒಂಟಿಕಾಲಲ್ಲಿ ನಿಂತು ಚೆಂಡು ಪಾಸ್ ಮಾಡುವುದು. ನೆದರ್ಲೆಂಡ್ಸ್‌ನ ವಾಲಿಬಾಲ್ ತಂಡಗಳಲ್ಲಿ ಬ್ಯಾಲೆನ್ಸ್ ಬೋರ್ಡ್ (ಕಾಲ ಕೆಳಗೆ ಓಲಾಡುವ ಹಲಗೆ) ಅಭ್ಯಾಸ ಮಾಡಿಸಿ ನೋಡಿದಾಗ, ಮುಂಚೆ ಉಳುಕಿದ್ದವರಲ್ಲಿ ಉಳುಕು ಕಡಿಮೆಯಾಯಿತು. ಜತೆಗೆ ಹಳೆಯ ಮಂಡಿ ಗಾಯವಿದ್ದವರಿಗೆ ಮಂಡಿನೋವು ಹೆಚ್ಚಿದ್ದೂ ಕಂಡಿತು, ಅಂಥವರು ಮಿತವಾಗಿ ಮಾಡಿ. ಉಳುಕಿದ ಮೊದಲ ವರ್ಷ ಆಡುವಾಗ ಲೇಸ್ ಕಟ್ಟುವ ಆಂಕಲ್ ಬ್ರೇಸ್ (ಕಣಕಾಲಿಗೆ ಆಸರೆಯ ಪಟ್ಟಿ) ಹಾಕಿಕೊಳ್ಳಿ.

ಹೊಸದಾಗಿ ಉಳುಕಿದಾಗ ಎಣ್ಣೆ ಹಚ್ಚಿ ತಿಕ್ಕಿಸಿ ‘ಉಳುಕು ತೆಗೆಸುವ’ ಆತುರ ಬೇಡ. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಕಣಕಾಲಿನ ಗಂಟಿನ ಮೂಳೆ ಒತ್ತಿದರೆ ನೋಯುತ್ತಿದ್ದರೆ, ಮೊದಲು ಎಕ್ಸ್‌ರೇ.

ಸರ್ವ್ ಮಾಡೋವಾಗ ಭುಜದೊಳಗೆ ಚುಚ್ಚಿದಂಗಾಗುತ್ತೆ.

ಹೊಡೆಯುವ ಸ್ನಾಯುಗಳು ಆಟದಲ್ಲೇ ಬೆಳೆಯುತ್ತವೆ, ಹೊಡೆದ ಕೈಗೆ ಬ್ರೇಕ್ ಹಾಕುವ ಹಿಂಭಾಗದ ಸ್ನಾಯುಗಳು ಬೆಳೆಯುವುದಿಲ್ಲ. ಈ ಅಸಮತೋಲ ಭುಜ ನೋವಿಗೆ ಒಂದು ಮುಖ್ಯ ಕಾರಣ. ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ಹೊರಕ್ಕೆಳೆಯಿರಿ. ಹದಿನೈದರಂತೆ ಮೂರು ಸಲ. ಅದೇ ಟ್ಯೂಬನ್ನು ಎರಡೂ ಕೈಯಲ್ಲಿ ಎದೆಯತ್ತ ಎಳೆದು ಹೆಗಲ ಹಲಗೆಗಳನ್ನು (ಬೆನ್ನಿನ ಮೇಲ್ಭಾಗದ ಎರಡು ಚಪ್ಪಟೆ ಮೂಳೆ) ಹತ್ತಿರ ತನ್ನಿ. ವಾರಕ್ಕೆ ಮೂರು ದಿನ ಸಾಕು. ದಂಡ ಹೊಡೆಯುವವರು ಒಂದು ದಂಡಕ್ಕೆ ಎರಡರಂತೆ ಎಳೆತ ಸೇರಿಸಿಕೊಳ್ಳಿ.

ಜತೆಗಾರನಿಗೆ ನಿಮ್ಮ ಬೆನ್ನು ನೋಡಲು ಹೇಳಿ. ಹೊಡೆಯುವ ಕೈಯ ಕಡೆಯ ಹೆಗಲ ಹಲಗೆಯ ಮೇಲೆ ಮಾಂಸ ಕರಗಿ ತಗ್ಗು ಬಿದ್ದಿದ್ದರೆ, ನೋವಿಲ್ಲದಿದ್ದರೂ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅಲ್ಲಿನ ನರ ಒತ್ತಡಕ್ಕೆ ಸಿಕ್ಕು ಸ್ನಾಯು ಕರಗುವುದು ವಾಲಿಬಾಲ್ ಆಟಗಾರರಲ್ಲಿ ಕಾಣುವ ತೊಂದರೆ. ಎಷ್ಟೋ ಮಂದಿಗೆ ಅದು ಇರುವುದೇ ಗೊತ್ತಿರುವುದಿಲ್ಲ.

## ಊಟ, ಬಿಸಿಲು, ಮಕ್ಕಳು

ಮುದ್ದೆ ಉಂಡು ಆಡೋರಿಗೆ ಪ್ರೋಟೀನ್ ಪೌಡರ್ ಬೇಕಾ?

ಮುದ್ದೆ ಶಕ್ತಿಗೆ ಒಳ್ಳೆಯದು, ಪ್ರೋಟೀನ್ ವಿಷಯದಲ್ಲಿ ಸಾಲದು. 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ. ಬಲದ ಕಸರತ್ತು ಮಾಡುವವರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ ಬೇಕು. 65 ಕೆ.ಜಿ.ಯವರಿಗೆ ನೂರರ ಆಸುಪಾಸು. ಮೊಟ್ಟೆಗೆ 6, ಅರ್ಧ ಲೀಟರ್ ಹಾಲಿಗೆ 16, ಹಿಡಿ ಕಡಲೆಕಾಯಿಗೆ 7, ನೂರು ಗ್ರಾಂ ಹುರಳಿ ಅಥವಾ ಹೆಸರುಕಾಳಿಗೆ 22 ರಿಂದ 24. ಮೀನು ಸಿಗುವ ಕರಾವಳಿಯವರಿಗೆ ಚಿಂತೆಯಿಲ್ಲ. ಸಸ್ಯಾಹಾರಿಗಳು ಕಾಳು, ಮೊಸರು, ಸೋಯಾ ಸೇರಿಸಿಕೊಂಡು ಲೆಕ್ಕ ತುಂಬಿಸಬಹುದು. ಮುದ್ದೆ ಜತೆ ಹುರಳಿ ಬಸ್ಸಾರು ಮಾಡಿದರೆ ಸಾರಿನ ನೀರಷ್ಟೇ ಅಲ್ಲ, ಕಾಳನ್ನೂ ಬಡಿಸಿಕೊಳ್ಳಿ.

ಪೌಡರ್ ತಪ್ಪಲ್ಲ, ದುಬಾರಿ. ಮೂರು ಹೊತ್ತು ಸರಿಯಾಗಿ ಉಂಡ ಮೇಲೂ ಕೊರತೆಯಿದ್ದರೆ ಮಾತ್ರ ನೋಡಿ. ಹೆಸರಿಲ್ಲದ ಡಬ್ಬಿ ಬೇಡ. ರಾಷ್ಟ್ರ ಮಟ್ಟದಲ್ಲಿ ಆಡುವವರು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅಪಾಯವೂ ಉಂಟು.

ಕರಾವಳಿಯ ಸೆಕೆಗೆ ಎರಡನೇ ಸೆಟ್ಟಿಗೇ ಕಾಲು ಸೆಟೆದುಕೊಳ್ಳುತ್ತೆ. ಉಪ್ಪು ಕಮ್ಮಿಯಾಗಿದೆಯಾ?

ಉಪ್ಪು, ನೀರು, ಸುಸ್ತು ಮೂರೂ ಸೇರಿರುತ್ತವೆ, ಸುಸ್ತಿನ ಪಾಲೇ ಹೆಚ್ಚು. ಅಭ್ಯಾಸಕ್ಕೆ ಮುಂಚೆ, ನಂತರ ತೂಕ ನೋಡಿ; ಒಂದು ಕೆ.ಜಿ. ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ತೂಕದ ನೂರಕ್ಕೆ ಎರಡಕ್ಕಿಂತ ಹೆಚ್ಚು ಇಳಿಯಬಾರದು. ನೀರಿಗೆ ಒಆರ್‌ಎಸ್ ಬೆರೆಸಿ, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಮಲೆನಾಡಿನ ತಂಡ ಏಪ್ರಿಲ್‌ನಲ್ಲಿ ಮಂಗಳೂರಿಗೋ ಕಲಬುರಗಿಗೋ ಹೋಗುವುದಿದ್ದರೆ, ಮೈ ಶಾಖಕ್ಕೆ ಒಗ್ಗಲು 10 ರಿಂದ 14 ದಿನ ಬೇಕೆಂದು ನೆನಪಿಟ್ಟು ಮಧ್ಯಾಹ್ನದ ಹೊತ್ತು ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿ.

ಮಗಳಿಗೆ 14 ವರ್ಷ. ಭಾರ ಎತ್ತಿದ್ರೆ ಕುಳ್ಳಗಾಗ್ತಾಳಾ?

ಆಗುವುದಿಲ್ಲ. ಗೊತ್ತಿರುವವರು ಹತ್ತಿರ ನಿಂತು ಹೇಳಿಕೊಡುತ್ತಿದ್ದರೆ ಹಗುರ ಭಾರದ ಕಸರತ್ತು ಈ ವಯಸ್ಸಿಗೆ ಸುರಕ್ಷಿತ. ಹುಡುಗಿಯರಿಗೆ ಇದು ಇನ್ನೂ ಅಗತ್ಯ. ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು ಅವರಲ್ಲಿ ಹೆಚ್ಚು, ಮಂಡಿಯೊಳಗಿನ ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿದ ಪಟ್ಟಿ) ಹರಿಯುವ ಅಪಾಯವೂ ಹೆಚ್ಚು.

ಮೂರು ವಿಷಯ ಗಮನಿಸಿ. ಮಂಡಿಯ ಕೆಳಗೆ ಮೂಳೆಯ ಉಬ್ಬು ನೋಯುತ್ತಿದ್ದರೆ ಅದು ಬೆಳೆಯುವ ಮಕ್ಕಳಿಗೆ ಬರುವ ತೊಂದರೆ. ಜಿಗಿತ ಕಡಿಮೆ ಮಾಡಿದರೆ ದಿನ ಕಳೆದಂತೆ ಸರಿಹೋಗುತ್ತದೆ. ಸದಾ ಸುಸ್ತೆಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಸೋಮಾರಿ ಎಂದು ಬೈಯುವ ಮುಂಚೆ. ಮುಟ್ಟು ಮೂರು ತಿಂಗಳು ನಿಂತರೆ ಆಟದ ಒತ್ತಡ ಎಂದು ಬಿಡದೆ ವೈದ್ಯರನ್ನು ಕಾಣಿ. ಸಾಕಷ್ಟು ಊಟವಿಲ್ಲದಿರುವುದೂ ಕಾರಣವಿರಬಹುದು.

## ಮುಂದುವರಿದವರಿಗೆ

ಸೆಟ್ಟರ್‌ಗೂ ಲಿಬೆರೊಗೂ ಒಂದೇ ಕಸರತ್ತಾ?

ಮೊದಲ ಮೂರು ವಾರ ಒಂದೇ. ಆಮೇಲೆ ಬೇರೆ. ನಡುವಿನ ಬ್ಲಾಕರ್ ಮತ್ತು ಜಂಪ್ ಸೆಟ್ ಮಾಡುವ ಸೆಟ್ಟರ್, ಅಂದರೆ ನಮ್ಮ ಊರುಗಳ ಲಿಫ್ಟರ್, ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಹಾರುತ್ತಾರೆ. ಅಭ್ಯಾಸದ ಜಿಗಿತಗಳನ್ನು ಮೊದಲು ಕಡಿಯಬೇಕಾದ್ದು ಇವರಿಗೆ. ಬ್ಲಾಕರ್‌ಗೆ ಓಟವಿಲ್ಲದೆ ನಿಂತಲ್ಲಿಂದ ಹಾರುವ, ಪಕ್ಕಕ್ಕೆ ಸರಿದು ಹಾರುವ ಅಭ್ಯಾಸ ಬೇಕು. ಹಿಂದಿನ ಸಾಲಲ್ಲಿ ನಿಂತು ಚೆಂಡು ಕಾಯುವುದಷ್ಟೇ ಕೆಲಸವಾದ ಲಿಬೆರೊಗೆ ಜಿಗಿತ ಬೇಡ. ತಗ್ಗಿ ನಿಲ್ಲುವ ತೊಡೆಯ ಬಲ, ಮೊದಲ ಹೆಜ್ಜೆಯ ಚುರುಕು, ಡೈವ್ ಮಾಡಿ ಏಳುವ ಎದೆ ತೋಳಿನ ಬಲ ಬೇಕು. ಮಣ್ಣಿನ ಅಂಗಳದಲ್ಲಿ ಲಿಬೆರೊ ಎಂದರೆ ಗಿಡ್ಡ ಹುಡುಗನಿಗೆ ಕೊಡುವ ಸಮಾಧಾನದ ಜಾಗ ಎಂಬ ಭಾವನೆ ಇನ್ನೂ ಇದೆ. ಒಳ್ಳೆಯ ಲಿಬೆರೊ ಇಲ್ಲದ ತಂಡ ಬಲವಾದ ಸರ್ವ್ ಎದುರು ಹೇಗೆ ಕುಸಿಯುತ್ತದೆ ಎಂದು ನೋಡಿದವರು ಹಾಗೆನ್ನುವುದಿಲ್ಲ.

ನಾವೆಲ್ಲ ಕೆಲಸಕ್ಕೆ ಹೋಗೋರು. ವಾರಕ್ಕೆ ಮೂರೇ ದಿನ ಸಿಗೋದು.

ಮೂರು ದಿನ ಸಾಕು. ಮಂಗಳವಾರ ಮತ್ತು ಗುರುವಾರ ಒಂದೂಕಾಲು ಗಂಟೆ: ಹತ್ತು ನಿಮಿಷ ಮೈ ಬಿಸಿ, ಹದಿನೈದು ನಿಮಿಷ ಜಿಗಿತ ಮತ್ತು ಇಳಿತ, ಉಳಿದದ್ದು ಬಲ. ಜಿಗಿತ ಯಾವತ್ತೂ ಬಲದ ಕಸರತ್ತಿಗೆ ಮುಂಚೆ, ಕಾಲು ತಾಜಾ ಇರುವಾಗ. ಭಾನುವಾರ ಆಟ, ಕೊನೆಗೆ ಗೆರೆ ಓಟ. ಭುಜದ ಟ್ಯೂಬು, ಒಂಟಿಕಾಲ ಅಭ್ಯಾಸ ಮನೆಯಲ್ಲೇ ಆಗುತ್ತವೆ.

ಪ್ರತಿ ದಿನ ಮುಗಿದ ಮೇಲೆ ಎಷ್ಟು ಕಷ್ಟವಾಯಿತು ಎಂದು ಹತ್ತಕ್ಕೆ ಅಂಕ ಕೊಟ್ಟು, ನಿಮಿಷಗಳಿಂದ ಗುಣಿಸಿ. 75 ನಿಮಿಷ, ಕಷ್ಟ 6 ಎಂದರೆ 450. ವಾರದ ಮೊತ್ತ ಹಿಂದಿನ ವಾರಕ್ಕಿಂತ ಒಮ್ಮೆಲೇ ಹಾರಿದ್ದರೆ ಎಚ್ಚರ. ಇಲ್ಲಿ ಒಂದು ತಿದ್ದುಪಡಿ ಬೇಕು: ದಿನವಿಡೀ ಗಾರೆ ಕೆಲಸ ಮಾಡಿ ಬರುವವನ ಸಂಜೆಯ 6, ಅಂಗಡಿಯಲ್ಲಿ ಕೂತು ಬರುವವನ 6ಕ್ಕೆ ಸಮನಲ್ಲ. ಗಾರೆ ಕೆಲಸದವನ ಕಸರತ್ತನ್ನು ಮೂರನೇ ಒಂದು ಭಾಗ ಇಳಿಸಿ.

ರಾತ್ರಿ ಟೂರ್ನಮೆಂಟ್‌ನಲ್ಲಿ ಒಂಬತ್ತಕ್ಕೆ ಒಂದು ಮ್ಯಾಚು, ಸೆಮಿಫೈನಲ್ ಬೆಳಗಿನ ಜಾವ ಮೂರಕ್ಕೆ. ಇದಕ್ಕೆ ಹೇಗೆ ತಯಾರಾಗೋದು?

ಈ ಪ್ರಶ್ನೆಗೆ ಹೊರದೇಶದ ತರಬೇತಿ ಪುಸ್ತಕಗಳಲ್ಲಿ ಉತ್ತರ ಸಿಗುವುದಿಲ್ಲ, ಅಲ್ಲಿ ಹೀಗೆ ಆಡಿಸುವುದೂ ಇಲ್ಲ. ನಮ್ಮಲ್ಲಿ ಉದ್ಘಾಟನೆಯ ಭಾಷಣಗಳೇ ಹನ್ನೊಂದಕ್ಕೆ ಮುಗಿದರೆ ಪುಣ್ಯ.

ತೊಂದರೆ ಎರಡು. ಮೈ ತಣ್ಣಗಾಗಿ ಮತ್ತೆ ಹಾರುವುದು ಒಂದು, ನಿದ್ದೆ ಇನ್ನೊಂದು. ಕೊನೆಯ ಎರಡು ವಾರದಲ್ಲಿ ಒಂದೆರಡು ಸಲ ಅಭ್ಯಾಸವನ್ನೇ ಒಡೆದು ಮಾಡಿ: ಎಂಟಕ್ಕೆ ಎರಡು ಸೆಟ್, ಒಂದೂವರೆ ಗಂಟೆ ಸುಮ್ಮನೆ ಕೂತು, ಮತ್ತೆ ಎರಡು ಸೆಟ್. ಎರಡನೇ ಸಲ ಯಾರ ಜಿಗಿತ ಬೀಳುತ್ತದೆ, ಯಾರ ಪಾಸ್ ಕೆಡುತ್ತದೆ ಎಂದು ಗೊತ್ತಾಗುತ್ತದೆ. ಬದಲಿ ಆಟಗಾರರನ್ನು ಯಾವಾಗ ಇಳಿಸಬೇಕೆಂಬ ತೀರ್ಮಾನಕ್ಕೆ ಇದೇ ಆಧಾರ.

ಪಂದ್ಯದ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಆಡಿ ಬಂದ ತಕ್ಷಣ ಒದ್ದೆ ಬನಿಯನ್ ಬದಲಿಸಿ, ಟ್ರ್ಯಾಕ್ ಪ್ಯಾಂಟ್, ಜಾಕೆಟ್ ಹಾಕಿ. ಡಿಸೆಂಬರ್‌ನ ಮಂಜು ಸ್ನಾಯುವನ್ನು ಬೇಗ ಬಿಗಿಯುತ್ತದೆ. ಕರೆಯುವ ಅರ್ಧ ಗಂಟೆ ಮುಂಚೆ ಎದ್ದು ಓಡಾಡಿ. ಪ್ರತಿ ಪಂದ್ಯಕ್ಕೂ ಹನ್ನೆರಡು ನಿಮಿಷದ ವಾರ್ಮಪ್ ಬೇಕು, ‘ಆಗಲೇ ಆಡಿದ್ದೀವಲ್ಲ’ ಎಂದು ಬಿಡಬೇಡಿ. ನಡುನಡುವೆ ಬಾಳೆಹಣ್ಣು, ಇಡ್ಲಿ, ಕಡಲೆ ಚಿಕ್ಕಿ. ಸಂಘಟಕರ ಬಿರಿಯಾನಿ ಕೊನೆಯ ಪಂದ್ಯ ಮುಗಿದ ಮೇಲೆ. ಚಹಾ ಕುಡಿಯುವುದಿದ್ದರೆ ಸೆಮಿಫೈನಲ್‌ಗೆ ಮುಕ್ಕಾಲು ಗಂಟೆ ಮುಂಚೆ ಒಂದು ಲೋಟ. ರಾತ್ರಿಯಿಡೀ ಹೀರುತ್ತಿದ್ದರೆ ಬೇಕಾದಾಗ ಕೆಲಸ ಮಾಡುವುದಿಲ್ಲ.

ಗೆದ್ದರೂ ಸೋತರೂ ಬೆಳಗಿನ ಐದಕ್ಕೆ ಬೈಕಿನಲ್ಲಿ ಊರಿಗೆ ಹೊರಡಬೇಡಿ. ಅಲ್ಲೇ ಎಲ್ಲಾದರೂ ಎರಡು ಗಂಟೆ ಮಲಗಿ ಹೊರಡಿ, ಇಲ್ಲವೇ ನಿದ್ದೆ ಮಾಡಿರುವ ಚಾಲಕನಿರುವ ಜೀಪು ಮಾಡಿಕೊಳ್ಳಿ.

ಸೀಸನ್ ಶುರುವಾದ ಮೇಲೆ ಕಸರತ್ತು ನಿಲ್ಲಿಸಬಹುದಾ?

ನಿಲ್ಲಿಸಿದರೆ ಗಳಿಸಿದ ಬಲ ಫೆಬ್ರವರಿ ಹೊತ್ತಿಗೆ ಕರಗಿರುತ್ತದೆ, ದೊಡ್ಡ ಮೊತ್ತದ ಪಂದ್ಯಾವಳಿಗಳು ಇರುವುದು ಅದರ ನಂತರ. ವಾರಕ್ಕೊಂದು ದಿನ 40 ನಿಮಿಷ ಸಾಕು: ಭಾರದ ಬಸ್ಕಿ ಐದರಂತೆ ಮೂರು ಸಲ, ತೊಡೆಯ ಹಿಂಭಾಗ, ಮೀನಖಂಡ, ಭುಜದ ಟ್ಯೂಬು. ಭಾರ ಇಳಿಸಬೇಡಿ, ಎಣಿಕೆ ಇಳಿಸಿ. ಕಸರತ್ತಿನ ಜಿಗಿತ ಪೂರ್ತಿ ಬಿಡಿ, ಆಟದಲ್ಲಿ ಬೇಕಾದಷ್ಟು ಇರುತ್ತದೆ. ಶನಿವಾರ ರಾತ್ರಿ ಪಂದ್ಯವಿದ್ದರೆ ಈ ಕೆಲಸಕ್ಕೆ ಮಂಗಳವಾರ ಅಥವಾ ಬುಧವಾರ ಸರಿ.